ಒಂದೇ ಶ್ರೇಣಿ, 3 ಸಾವು ಮತ್ತು 158 ಸಾವು: 2011ರ ಅಮೆರಿಕದ ಸುಂಟರಗಾಳಿಗಳನ್ನು ಸ್ಪ್ರೆಡ್‌ಶೀಟ್ ಚಾರ್ಟುಗಳಲ್ಲಿ ಓದಿದ ಒಂದು ಪ್ರಕರಣ ಅಧ್ಯಯನ

2011ರ ಏಪ್ರಿಲ್ 27ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಿಲಡೆಲ್ಫಿಯಾ ಎಂಬ ಪಟ್ಟಣದ ಹತ್ತಿರ ಹಾದುಹೋದ ಸುಂಟರಗಾಳಿ ನೆಲದ ಮಣ್ಣನ್ನು ಕೆಲವೆಡೆ ಎರಡು ಅಡಿ ಆಳದವರೆಗೆ ಕೆತ್ತಿ ಎತ್ತಿತ್ತು. ಅದರಲ್ಲಿ ಸತ್ತವರು 3 ಜನ. ಇಪ್ಪತ್ತೈದು ದಿನಗಳ ನಂತರ, ಮೇ 22ರ ಭಾನುವಾರ ಸಂಜೆ, ಮಿಸ್ಸೌರಿ ರಾಜ್ಯದ ಜಾಪ್ಲಿನ್ ಪಟ್ಟಣವನ್ನು ಸೀಳಿಕೊಂಡು ಹೋದ ಇನ್ನೊಂದು ಸುಂಟರಗಾಳಿಯಲ್ಲಿ 158 ಜನ ಸತ್ತರು. ಎರಡಕ್ಕೂ ಅಲ್ಲಿನ ಹವಾಮಾನ ಇಲಾಖೆ ಕೊಟ್ಟ ಶ್ರೇಣಿ ಒಂದೇ, ಅದೂ ಅತ್ಯುಚ್ಚ ಶ್ರೇಣಿಯಾದ ಇಎಫ್-5. ತೀವ್ರತೆಯ ಅಂಕ ಒಂದೇ ಆಗಿರುವಾಗ ಪರಿಣಾಮದಲ್ಲಿ ಐವತ್ತು ಪಟ್ಟಿಗೂ ಹೆಚ್ಚಿನ ಅಂತರ ಹೇಗೆ ಬಂತು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೊಂದಿಗೆ ಕುಳಿತು, ಸಾಮಾನ್ಯ ಸ್ಪ್ರೆಡ್‌ಶೀಟ್ ಬಿಟ್ಟು ಬೇರೆ ಯಾವ ಸಾಧನವನ್ನೂ ಬಳಸದೆ ಮಾಡಿದ ವಿಶ್ಲೇಷಣೆಯ ಪೂರ್ಣ ವಿವರ ಇಲ್ಲಿದೆ.

ಪದದ ವಿಚಾರವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಟೊರ್ನಾಡೋ ಎಂಬುದಕ್ಕೆ ಇಲ್ಲಿ ಸುಂಟರಗಾಳಿ ಎಂದು ಬಳಸಿದ್ದೇನೆ. ಕಡಲಿನ ಮೇಲೆ ಹುಟ್ಟಿ, ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿ, ದಿನಗಟ್ಟಲೆ ಇರುವ ಚಂಡಮಾರುತ ಬೇರೆ. ಗುಡುಗುಮೋಡದ ಹೊಟ್ಟೆಯಿಂದ ನೆಲಕ್ಕಿಳಿದು, ಹೆಚ್ಚೆಂದರೆ ಎರಡು ಮೂರು ಮೈಲಿ ಅಗಲದ ಪಟ್ಟಿಯಲ್ಲಿ ಕೆಲವೇ ನಿಮಿಷಗಳಲ್ಲಿ ಎಲ್ಲವನ್ನೂ ಮುಗಿಸಿ ಹೋಗುವುದು ಸುಂಟರಗಾಳಿ. ಈ ವ್ಯತ್ಯಾಸ ನಮ್ಮ ವಿಶ್ಲೇಷಣೆಗೆ ಮುಖ್ಯ, ಏಕೆಂದರೆ ಅಷ್ಟು ಕಿರಿದಾದ ಪಟ್ಟಿಯ ಮೇಲೆ ಏನಿತ್ತು, ಯಾರಿದ್ದರು ಎಂಬುದೇ ಕೊನೆಗೆ ಲೆಕ್ಕವನ್ನು ನಿರ್ಧರಿಸುತ್ತದೆ.

ದತ್ತಾಂಶ ಬಂದ ಬಗೆ

ಓಕ್ಲಹೋಮ ರಾಜ್ಯದ ನಾರ್ಮನ್ ಪಟ್ಟಣದಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ 1950ರಿಂದ ಈಚೆಗೆ ಅಮೆರಿಕದಲ್ಲಿ ದಾಖಲಾದ ಸುಂಟರಗಾಳಿಗಳ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಕಡತ) ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಒಂದೊಂದು ಸಾಲಿನಲ್ಲಿ ದಿನಾಂಕ, ಸಮಯ, ರಾಜ್ಯ, ತೀವ್ರತೆಯ ಶ್ರೇಣಿ, ಗಾಯಾಳುಗಳು, ಸಾವು, ಆಸ್ತಿ ನಷ್ಟ, ನೆಲ ಮುಟ್ಟಿದ ಹಾಗೂ ಬಿಟ್ಟ ಸ್ಥಳಗಳ ಅಕ್ಷಾಂಶ ರೇಖಾಂಶ, ಹಾದಿಯ ಉದ್ದ, ಅಗಲ ಎಲ್ಲವೂ ಇರುತ್ತವೆ. ಕಡತ ತೆರೆದ ಕೂಡಲೇ ಚಾರ್ಟ್ ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ನಮಗೂ ಆಯಿತು. ಹಾಗೆ ಹಾಕಿದ ಮೊದಲ ಎರಡು ಚಾರ್ಟುಗಳೂ ತಪ್ಪಾಗಿದ್ದವು, ಮತ್ತು ಆ ತಪ್ಪುಗಳಿಂದಲೇ ಈ ಅಧ್ಯಯನದ ನಿಜವಾದ ಕೆಲಸ ಆರಂಭವಾಯಿತು.

ಮೊದಲನೆಯದು ವರ್ಷವಾರು ಆಸ್ತಿ ನಷ್ಟದ ರೇಖಾಚಾರ್ಟ್. ಅದರಲ್ಲಿ 1950ರಿಂದ 2015ರವರೆಗೆ ಗೆರೆ ತಳದ ಅಕ್ಷಕ್ಕೆ ಅಂಟಿಕೊಂಡು ಸಾಗಿ, 2016ಕ್ಕೆ ಬಂದೊಡನೆ ಗೋಡೆಯಂತೆ ನೆಟ್ಟಗೆ ಮೇಲೇರಿತು. ಆ ವರ್ಷ ಅಂಥ ಮಹಾ ಅನಾಹುತವೇನೂ ಆಗಿರಲಿಲ್ಲ. ಬದಲಾದದ್ದು ಅಂಕಿಯನ್ನು ಬರೆಯುವ ಪದ್ಧತಿ. 1996ಕ್ಕೆ ಮೊದಲು ನಷ್ಟದ ಕಾಲಂನಲ್ಲಿ ಬರೆಯುತ್ತಿದ್ದದ್ದು ಡಾಲರನ್ನಲ್ಲ, 0ಯಿಂದ 9ರವರೆಗಿನ ಒಂದು ಸಂಕೇತ ಸಂಖ್ಯೆಯನ್ನು: 6 ಎಂದರೆ 5 ಲಕ್ಷದಿಂದ 50 ಲಕ್ಷ ಡಾಲರ್ ನಡುವಿನ ನಷ್ಟ, 9 ಎಂದರೆ 50 ಕೋಟಿಯಿಂದ 500 ಕೋಟಿ ಡಾಲರ್ ನಡುವಿನದು. 1996ರಿಂದ 2015ರವರೆಗೆ ಅದೇ ಕಾಲಂನಲ್ಲಿ ನಷ್ಟವನ್ನು ದಶಲಕ್ಷ ಡಾಲರ್‌ಗಳಲ್ಲಿ ಬರೆದರು. 2016ರಿಂದ ಪೂರ್ಣ ಡಾಲರ್‌ಗಳಲ್ಲಿ ಬರೆಯುತ್ತಿದ್ದಾರೆ. ಹೀಗಾಗಿ 280 ಕೋಟಿ ಡಾಲರ್ ನಷ್ಟವಾದ ಜಾಪ್ಲಿನ್ ಈ ಕಾಲಂನಲ್ಲಿ 2800 ಎಂದು ಕುಳಿತಿರುತ್ತದೆ. 2016ರ ನಂತರ ಎಲ್ಲೋ ಒಂದು ಹೊಲದ ಕೊಟ್ಟಿಗೆಗೆ 50 ಸಾವಿರ ಡಾಲರ್ ಹಾನಿಯಾಗಿದ್ದರೆ ಅದು 50000 ಎಂದು ಕುಳಿತಿರುತ್ತದೆ. ಸ್ಪ್ರೆಡ್‌ಶೀಟಿನ ಕಣ್ಣಿಗೆ ಆ ಕೊಟ್ಟಿಗೆ ಜಾಪ್ಲಿನ್‌ಗಿಂತ ಸುಮಾರು ಹದಿನೆಂಟು ಪಟ್ಟು ದೊಡ್ಡ ದುರಂತ. ಚಾರ್ಟ್ ಅದನ್ನು ಯಾವ ಅಳುಕೂ ಇಲ್ಲದೆ ಬರೆದು ತೋರಿಸುತ್ತದೆ.

ಇದಕ್ಕೆ ನಾವು ಕಂಡುಕೊಂಡ ಪರಿಹಾರ ಸರಳವಾದದ್ದು. ಮೂಲ ಕಾಲಂ ಅನ್ನು ಮುಟ್ಟದೆ, ಪಕ್ಕದಲ್ಲಿ ಹೊಸ ಕಾಲಂ ತೆರೆದು, ವರ್ಷ 2016ಕ್ಕಿಂತ ಕಡಿಮೆಯಾಗಿದ್ದರೆ ಹತ್ತು ಲಕ್ಷದಿಂದ ಗುಣಿಸಿ, ಇಲ್ಲವಾದರೆ ಇದ್ದುದನ್ನೇ ಇಡುವಂತೆ ಇಫ್ ಸೂತ್ರ ಬರೆದೆವು. 1996ಕ್ಕೆ ಹಿಂದಿನ ಸಾಲುಗಳಿಗೆ ಮಾತ್ರ ಡಾಲರ್ ಕಟ್ಟಲು ಒಪ್ಪಲಿಲ್ಲ. ಹತ್ತು ಪಟ್ಟು ಅಗಲವಿರುವ ಒಂದು ವರ್ಗದ ನಡುವಿನ ಬೆಲೆಯನ್ನು ಹಿಡಿದು ಅದನ್ನು ನಿಖರ ಮೊತ್ತದಂತೆ ಚಾರ್ಟಿನಲ್ಲಿ ತೋರಿಸುವುದು ಓದುಗರಿಗೆ ಸುಳ್ಳು ಭರವಸೆ ಕೊಟ್ಟಂತೆ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತು: ಈ ಕಾಲಂನಲ್ಲಿ ಸೊನ್ನೆ ಇದ್ದರೆ ನಷ್ಟವೇ ಆಗಿಲ್ಲ ಎಂದಲ್ಲ, ನಷ್ಟ ಎಷ್ಟೆಂದು ಗೊತ್ತಿಲ್ಲ ಎಂದೂ ಆಗಿರಬಹುದು. ಆದ್ದರಿಂದ ಸರಾಸರಿ ತೆಗೆಯುವ ಮುನ್ನ ಸೊನ್ನೆಗಳನ್ನು ಬೇರ್ಪಡಿಸಬೇಕಾಗುತ್ತದೆ.

ಎರಡನೆಯ ತಪ್ಪು ಸಾಲುಗಳ ಎಣಿಕೆಯಲ್ಲಿತ್ತು. ಎಲ್ಲ ದಾಖಲೆಗಳನ್ನೂ ಒಳಗೊಂಡ ಕಡತದಲ್ಲಿ, ರಾಜ್ಯದ ಗಡಿ ದಾಟಿದ ಸುಂಟರಗಾಳಿಗೆ ಇಡೀ ಹಾದಿಯ ಒಂದು ಸಾಲು ಇರುವುದಲ್ಲದೆ, ಪ್ರತಿ ರಾಜ್ಯದೊಳಗಿನ ತುಂಡಿಗೂ ಪ್ರತ್ಯೇಕ ಸಾಲು ಇರುತ್ತದೆ. ಅಲಬಾಮದಿಂದ ಟೆನೆಸಿಗೆ ದಾಟಿದ ಹ್ಯಾಕಲ್‌ಬರ್ಗ್ ಸುಂಟರಗಾಳಿ, ಮಿಸಿಸಿಪ್ಪಿಯಿಂದ ಅಲಬಾಮಕ್ಕೆ ದಾಟಿದ ಸ್ಮಿತ್‌ವಿಲ್ ಸುಂಟರಗಾಳಿ ಎರಡೂ ಹೀಗೆ ಹಲವು ಸಾಲುಗಳಲ್ಲಿ ಬರುತ್ತವೆ. ಸಾಲುಗಳನ್ನು ಗುಂಪುಗೂಡಿಸಿ ಮೊತ್ತ ತೆಗೆಯುವ ಪಿವಟ್ ಟೇಬಲ್ ಹಾಕಿ ಸಾವಿನ ಕಾಲಂ ಕೂಡಿಸಿದರೆ ಸತ್ತವರನ್ನೇ ಎರಡು ಬಾರಿ ಎಣಿಸಿದಂತಾಗುತ್ತದೆ. ಒಂದು ಸುಂಟರಗಾಳಿಗೆ ಒಂದೇ ಸಾಲು ಇರುವ ಬೇರೊಂದು ಕಡತವನ್ನೂ ಅದೇ ಕೇಂದ್ರ ಕೊಡುತ್ತದೆ. ನಮ್ಮ ಪ್ರಶ್ನೆಗೆ ಅದೇ ಸರಿಯಾದ ಕಡತ.

ಶ್ರೇಣಿ ಎಂದರೆ ಏನನ್ನು ಅಳೆದದ್ದು?

ಈಗ ತೀವ್ರತೆಯ ಕಾಲಂಗೆ ಬರೋಣ. ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಜಪಾನ್ ಮೂಲದ ವಿಜ್ಞಾನಿ ಫುಜಿತಾ 1971ರಲ್ಲಿ ರೂಪಿಸಿದ ಮಾಪಕವನ್ನು ಪರಿಷ್ಕರಿಸಿ, ವರ್ಧಿತ ಫುಜಿತಾ ಮಾಪಕ ಎಂಬ ಹೆಸರಿನಲ್ಲಿ 2007ರ ಫೆಬ್ರುವರಿ 1ರಿಂದ ಅಮೆರಿಕದಲ್ಲಿ ಬಳಸುತ್ತಿದ್ದಾರೆ. ಗಂಟೆಗೆ 65ರಿಂದ 85 ಮೈಲಿ ವೇಗದ ಗಾಳಿಗೆ ಇಎಫ್-0, 200 ಮೈಲಿಗಿಂತ ಹೆಚ್ಚಿನದಕ್ಕೆ ಇಎಫ್-5. ಇದನ್ನು ಓದಿದವರಿಗೆ ಯಾರೋ ಗಾಳಿಯ ವೇಗವನ್ನು ಉಪಕರಣದಿಂದ ಅಳೆದು ಶ್ರೇಣಿ ಕೊಡುತ್ತಾರೆ ಎನಿಸುವುದು ಸಹಜ. ವಾಸ್ತವ ಹಾಗಿಲ್ಲ. ಸುಂಟರಗಾಳಿ ಹೋದ ಮೇಲೆ ಸಮೀಕ್ಷಕರು ಸ್ಥಳಕ್ಕೆ ಹೋಗಿ, ಮನೆ, ಶಾಲೆ, ಗೋದಾಮು, ಮರ, ವಿದ್ಯುತ್ ಕಂಬ ಮುಂತಾಗಿ ಪಟ್ಟಿ ಮಾಡಿದ 28 ಬಗೆಯ ಹಾನಿಸೂಚಕಗಳಲ್ಲಿ ಯಾವುದು ಎಷ್ಟು ಹಾಳಾಗಿದೆ ಎಂಬುದನ್ನು ನೋಡಿ, ಅಷ್ಟು ಹಾಳಾಗಲು ಗಾಳಿ ಎಷ್ಟು ವೇಗದಲ್ಲಿ ಬೀಸಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಅಂದರೆ ಶ್ರೇಣಿ ಎಂಬುದು ಹಾನಿಯನ್ನು ಓದಿ ಬರೆದ ಅಂಕ. ಆ ಶ್ರೇಣಿಯನ್ನು ಅಡ್ಡ ಅಕ್ಷದಲ್ಲಿಟ್ಟು, ನಷ್ಟವನ್ನು ಲಂಬ ಅಕ್ಷದಲ್ಲಿಟ್ಟು, ಎರಡೂ ಒಟ್ಟಿಗೆ ಏರುತ್ತವೆ ಎಂದು ತೀರ್ಮಾನಿಸಿದರೆ, ಹಾನಿಯನ್ನು ಹಾನಿಯೊಂದಿಗೇ ಹೋಲಿಸಿದಂತಾಗುತ್ತದೆ.

ಇದು ಬರಿಯ ತರ್ಕದ ಮಾತಲ್ಲ. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊ ಬಳಿ 2.6 ಮೈಲಿ ಅಗಲದ, ದಾಖಲೆಯಲ್ಲೇ ಅತ್ಯಂತ ಅಗಲವಾದ ಸುಂಟರಗಾಳಿ ಬಂದಿತ್ತು. ಸಂಚಾರಿ ರೇಡಾರುಗಳು ಅದರೊಳಗೆ ಇಎಫ್-5ರ ಮಿತಿಯನ್ನು ಬಹುವಾಗಿ ಮೀರಿದ ವೇಗವನ್ನು ಅಳೆದಿದ್ದವು. ಆದರೆ ಅದು ಹಾದುಹೋದದ್ದು ಹೆಚ್ಚಾಗಿ ಬಯಲಿನ ಮೇಲೆ. ಒಡೆದು ತೋರಿಸಲು ಅಲ್ಲಿ ಗಟ್ಟಿ ಕಟ್ಟಡಗಳಿರಲಿಲ್ಲ. ಹೀಗಾಗಿ ಅಧಿಕೃತ ದಾಖಲೆಯಲ್ಲಿ ಅದರ ಶ್ರೇಣಿ ಇಎಫ್-3. ಕಾಲಂನಲ್ಲಿ ಕಾಣುವ 3 ಎಂಬ ಆ ಅಂಕಿಯ ಹಿಂದೆ ಇಷ್ಟು ದೊಡ್ಡ ಕಥೆ ಇದೆ ಎಂದು ಯಾವ ಚಾರ್ಟೂ ಹೇಳುವುದಿಲ್ಲ.

ಇದೇ ಕಾಲಂನಲ್ಲಿ ಶ್ರೇಣಿ ಗೊತ್ತಾಗದ ಸುಂಟರಗಾಳಿಗಳಿಗೆ ಮೈನಸ್ 9 ಎಂದು ಬರೆದಿರುತ್ತಾರೆ. ಫಿಲ್ಟರ್ ಹಾಕದೆ ಸರಾಸರಿ ತೆಗೆದರೆ ಕೆಲವು ವರ್ಷಗಳ ಸರಾಸರಿ ತೀವ್ರತೆ ವಿಚಿತ್ರವಾಗಿ ಕುಸಿಯುತ್ತದೆ. ಶ್ರೇಣಿಗಳಿಗೆ ಸರಾಸರಿ ತೆಗೆಯುವುದೇ ಸರಿಯಲ್ಲ, ಎಣಿಕೆ ಮಾಡಬೇಕು. ಹಾಗೆ, ಷರತ್ತಿಗೆ ಹೊಂದುವ ಸಾಲುಗಳನ್ನು ಎಣಿಸುವ ಕೌಂಟ್‌ಇಫ್ಸ್ ಸೂತ್ರ ಬಳಸಿ ವರ್ಷವಾರು ಎಣಿಸಿದಾಗಲೂ ಒಂದು ಎಚ್ಚರ ಬೇಕು. 1950ರ ದಶಕದ ಮೊದಲ ವರ್ಷಗಳಲ್ಲಿ ಕೆಲವೇ ನೂರುಗಳಿದ್ದ ವಾರ್ಷಿಕ ಸಂಖ್ಯೆ ಇತ್ತೀಚಿನ ದಶಕಗಳಲ್ಲಿ ಸಾವಿರ ದಾಟಿರುವುದಕ್ಕೆ, 1990ರ ದಶಕದಲ್ಲಿ ದೇಶದಾದ್ಯಂತ ಬಂದ ಡಾಪ್ಲರ್ ರೇಡಾರ್ ಜಾಲ ಹಾಗೂ ಹೆಚ್ಚಿದ ವರದಿಗಾರಿಕೆ ದೊಡ್ಡ ಕಾರಣಗಳು. ಏರಿರುವುದು ಬಹುಮಟ್ಟಿಗೆ ದುರ್ಬಲ ಶ್ರೇಣಿಯವುಗಳ ಎಣಿಕೆ. ಇಎಫ್-0 ಅನ್ನು ತೆಗೆದುಹಾಕಿ ಅದೇ ಚಾರ್ಟ್ ಮತ್ತೆ ಹಾಕಿದರೆ ಆ ಏರಿಕೆ ಬಹುತೇಕ ಕರಗಿಹೋಗುತ್ತದೆ.

ಏಳು ಸಾಲುಗಳ ಹಾಳೆ

ಈ ಎಲ್ಲ ಕಾರಣಗಳಿಂದ ಎಪ್ಪತ್ತು ವರ್ಷಗಳ ಚಾರ್ಟನ್ನು ಬದಿಗಿಟ್ಟು, ಅಳತೆಯ ಪದ್ಧತಿ ಬದಲಾಗದ ಒಂದೇ ವರ್ಷವನ್ನು ಆರಿಸಿಕೊಂಡೆವು. 2011ರಲ್ಲಿ ಅಮೆರಿಕದಲ್ಲಿ ಸುಮಾರು 1,700 ಸುಂಟರಗಾಳಿಗಳು ದಾಖಲಾದವು. ಅವುಗಳಲ್ಲಿ ಸತ್ತವರು 553 ಜನ. ಆ ವರ್ಷದ ಆರು ಇಎಫ್-5 ಸುಂಟರಗಾಳಿಗಳನ್ನೂ, ಇಎಫ್-4 ಆಗಿದ್ದರೂ ಸಾವಿನ ಸಂಖ್ಯೆಯಿಂದಾಗಿ ಕೈಬಿಡಲಾಗದ ಟಸ್ಕಲೂಸಾ ಸುಂಟರಗಾಳಿಯನ್ನೂ ಪ್ರತ್ಯೇಕ ಹಾಳೆಗೆ ಎತ್ತಿಕೊಂಡೆವು. ಹಾದಿಯ ಉದ್ದವನ್ನು ಪೂರ್ಣ ಮೈಲಿಗಳಿಗೆ ಇಳಿಸಿದ್ದೇವೆ.

| ಸುಂಟರಗಾಳಿ | ದಿನ | ಶ್ರೇಣಿ | ಹಾದಿ, ಮೈಲಿ | ಸಾವು | ಮೈಲಿಗೆ ಸಾವು |
|---|---|---|---|---|---|
| ಫಿಲಡೆಲ್ಫಿಯಾ, ಮಿಸಿಸಿಪ್ಪಿ | ಏಪ್ರಿಲ್ 27 | ಇಎಫ್-5 | 29 | 3 | 0.10 |
| ಸ್ಮಿತ್‌ವಿಲ್, ಮಿಸಿಸಿಪ್ಪಿ | ಏಪ್ರಿಲ್ 27 | ಇಎಫ್-5 | 37 | 23 | 0.62 |
| ಹ್ಯಾಕಲ್‌ಬರ್ಗ್–ಫಿಲ್ ಕ್ಯಾಂಪ್‌ಬೆಲ್, ಅಲಬಾಮ | ಏಪ್ರಿಲ್ 27 | ಇಎಫ್-5 | 132 | 72 | 0.55 |
| ರೇನ್ಸ್‌ವಿಲ್, ಅಲಬಾಮ | ಏಪ್ರಿಲ್ 27 | ಇಎಫ್-5 | 35 | 25 | 0.71 |
| ಟಸ್ಕಲೂಸಾ–ಬರ್ಮಿಂಗ್‌ಹ್ಯಾಮ್, ಅಲಬಾಮ | ಏಪ್ರಿಲ್ 27 | ಇಎಫ್-4 | 81 | 64 | 0.79 |
| ಜಾಪ್ಲಿನ್, ಮಿಸ್ಸೌರಿ | ಮೇ 22 | ಇಎಫ್-5 | 22 | 158 | 7.18 |
| ಎಲ್ ರೀನೊ–ಪೀಡ್‌ಮಾಂಟ್, ಓಕ್ಲಹೋಮ | ಮೇ 24 | ಇಎಫ್-5 | 63 | 9 | 0.14 |

ಈ ಏಳರ ಸಾವಿನ ಮೊತ್ತ 354. ಸಾವಿರದ ಏಳುನೂರರಲ್ಲಿ ಏಳು ಸುಂಟರಗಾಳಿಗಳು ಆ ವರ್ಷದ ಸಾವುಗಳಲ್ಲಿ ಶೇಕಡ 64ರಷ್ಟಕ್ಕೆ ಕಾರಣವಾದವು. ಇದನ್ನು ತೋರಿಸಲು ಪಕ್ಕಪಕ್ಕದ ಎರಡು ಸ್ತಂಭ ಚಾರ್ಟುಗಳು ಸಾಕು: ಒಂದರಲ್ಲಿ ಸುಂಟರಗಾಳಿಗಳ ಸಂಖ್ಯೆ ಶ್ರೇಣಿವಾರು ಇಳಿಯುತ್ತಾ ಹೋದರೆ, ಇನ್ನೊಂದರಲ್ಲಿ ಸಾವಿನ ಸ್ತಂಭಗಳು ಬಲತುದಿಯಲ್ಲಿ ಎದ್ದುನಿಲ್ಲುತ್ತವೆ. ಎರಡನ್ನೂ ಒಂದೇ ಚಾರ್ಟಿನಲ್ಲಿ ಎಡಬಲ ಎರಡು ಅಕ್ಷಗಳಿಟ್ಟು ತುರುಕುವ ಪದ್ಧತಿ ಕಚೇರಿಗಳಲ್ಲಿ ಬಹಳವಾಗಿದೆ. ಅಕ್ಷಗಳ ಮಿತಿಯನ್ನು ಸ್ವಲ್ಪ ಎಳೆದರೆ ಯಾವ ಗೆರೆ ಯಾವುದನ್ನು ಬೇಕಾದರೂ ದಾಟುವಂತೆ ಮಾಡಬಹುದಾದ್ದರಿಂದ ನಾವು ಅದನ್ನು ಬಳಸಲಿಲ್ಲ.

ಮುಂದಿನ ಚಾರ್ಟ್ ಸ್ಕ್ಯಾಟರ್, ಅಂದರೆ ಪ್ರತಿ ಸಾಲನ್ನೂ ಒಂದೊಂದು ಬಿಂದುವಾಗಿ ತೋರಿಸುವುದು. ಅಡ್ಡ ಅಕ್ಷದಲ್ಲಿ ಹಾದಿಯ ಉದ್ದ, ಲಂಬ ಅಕ್ಷದಲ್ಲಿ ಸಾವು. ಉದ್ದದ ಹಾದಿ ಹೆಚ್ಚು ಊರುಗಳನ್ನು ಮುಟ್ಟುತ್ತದೆ, ಆದ್ದರಿಂದ ಸಾವೂ ಹೆಚ್ಚು ಎಂಬುದು ನಮ್ಮ ಊಹೆ. ಜಾಪ್ಲಿನ್ ಅನ್ನು ಹೊರಗಿಟ್ಟು ಉಳಿದ ಆರು ಬಿಂದುಗಳಿಗೆ ಕೋರೆಲ್ ಸೂತ್ರ ಹಾಕಿದಾಗ ಸಹಸಂಬಂಧ 0.84 ಬಂತು (ಎರಡು ಅಂಕಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಅಳತೆ ಇದು; 1ರ ಹತ್ತಿರವಿದ್ದರೆ ಗಟ್ಟಿ ಸಂಬಂಧ, 0ಯ ಹತ್ತಿರವಿದ್ದರೆ ಸಂಬಂಧ ಇಲ್ಲವೆನ್ನುವಷ್ಟು). ಬಿಂದುಗಳ ಒಟ್ಟು ಒಲವನ್ನು ತೋರಿಸುವ ಗೆರೆಯಾದ ಟ್ರೆಂಡ್‌ಲೈನ್ ಅಂದವಾಗಿ ಏರಿತು. ವಿದ್ಯಾರ್ಥಿಗಳ ಮುಖದಲ್ಲಿ ಉತ್ತರ ಸಿಕ್ಕಿದ ಸಮಾಧಾನ ಕಂಡಿತು. ಆಮೇಲೆ ಜಾಪ್ಲಿನ್‌ನ ಒಂದು ಸಾಲನ್ನು ಸೇರಿಸಿದೆವು. ಸಹಸಂಬಂಧ 0.03ಕ್ಕೆ ಬಿತ್ತು, ಟ್ರೆಂಡ್‌ಲೈನ್ ಬಹುತೇಕ ಮಟ್ಟಸವಾಗಿ ಮಲಗಿತು. ಆರು ಬಿಂದುಗಳ ಗೆರೆಯನ್ನೇ ನಂಬಿ 22 ಮೈಲಿಯ ಹಾದಿಗೆ ಎಷ್ಟು ಸಾವು ಎಂದು ಕೇಳಿದರೆ ಅದು ಏಳೋ ಎಂಟೋ ಎನ್ನುತ್ತದೆ. ಅಲ್ಲಿ ಸತ್ತವರು 158 ಜನ.

ಇಂಥ ಬಿಂದುವನ್ನು ಹೊರಗಿನದೆಂದು ಕರೆದು ಅಳಿಸಿಬಿಡುವ ಅಭ್ಯಾಸ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಇದೆ. ಅಳತೆಯ ದೋಷದಿಂದ ಬಂದ ಬಿಂದುವಾಗಿದ್ದರೆ ಅಳಿಸುವುದು ಸರಿ. ಇಲ್ಲಿ ಅಳತೆಯಲ್ಲಿ ದೋಷವಿಲ್ಲ. ನಾವು ಯಾವ ಪ್ರಶ್ನೆಯೊಂದಿಗೆ ಹೊರಟೆವೋ ಅದರ ಉತ್ತರ ಇರುವುದೇ ಆ ಬಿಂದುವಿನಲ್ಲಿ. ಜೊತೆಗೆ 0.84 ಎಂಬ ಅಂಕಿಯೂ ಅಷ್ಟು ಗಟ್ಟಿಯಾದದ್ದಲ್ಲ: ಆರೇ ಬಿಂದುಗಳು, ಅವುಗಳಲ್ಲಿ ಐದು ಒಂದೇ ದಿನದ, ಒಂದೇ ಪ್ರದೇಶದ ಘಟನೆಗಳು, ಮತ್ತು ಅತಿ ಭೀಕರವಾದವನ್ನೇ ನಾವು ಆರಿಸಿ ತೆಗೆದದ್ದು.

ಕೋಷ್ಟಕದ ಕೊನೆಯ ಕಾಲಂ ಹುಟ್ಟಿದ್ದು ಈ ಹಂತದಲ್ಲಿ. ಸಾವನ್ನು ಮೈಲಿಯಿಂದ ಭಾಗಿಸಿ ಅಡ್ಡ ಸ್ತಂಭಗಳಲ್ಲಿ ಇಳಿಕೆಯ ಕ್ರಮದಲ್ಲಿ ಜೋಡಿಸಿದಾಗ ಏಳು ಸಾಲುಗಳು ತಾವಾಗಿಯೇ ಮೂರು ಗುಂಪುಗಳಾದವು. ಅಲಬಾಮದ ಮೂರೂ ಸ್ಮಿತ್‌ವಿಲ್ಲೂ ಅರ್ಧದಿಂದ ಮುಕ್ಕಾಲಿನ ಆಸುಪಾಸು ಒತ್ತಾಗಿ ನಿಂತವು. ಫಿಲಡೆಲ್ಫಿಯಾ ಮತ್ತು 2011ರ ಎಲ್ ರೀನೊ–ಪೀಡ್‌ಮಾಂಟ್ ಅವುಗಳಿಗಿಂತ ಬಹಳ ಕೆಳಗಿದ್ದವು. ಜಾಪ್ಲಿನ್ ಹತ್ತು ಪಟ್ಟು ದೂರದಲ್ಲಿ ಒಂಟಿಯಾಗಿತ್ತು. ಗಮನಿಸಬೇಕಾದದ್ದೆಂದರೆ, ಇಎಫ್-4 ಆದ ಟಸ್ಕಲೂಸಾ ಈ ಕ್ರಮದಲ್ಲಿ ಐದು ಇಎಫ್-5 ಸುಂಟರಗಾಳಿಗಳಿಗಿಂತ ಮೇಲಿದೆ. ಶ್ರೇಣಿಯ ಅಂಕ ಈ ಕ್ರಮವನ್ನು ವಿವರಿಸಲಾರದು.

ವಿವರಿಸುವ ಸಂಗತಿ ಈ ಕಡತದಲ್ಲಿ ಇಲ್ಲದ ಕಾಲಂ: ಹಾದಿಯಲ್ಲಿ ಎಷ್ಟು ಜನ, ಎಂಥ ಕಟ್ಟಡಗಳಲ್ಲಿ ಇದ್ದರು ಎಂಬುದು. ಜಾಪ್ಲಿನ್ ಆಗ ಸುಮಾರು 50 ಸಾವಿರ ಜನಸಂಖ್ಯೆಯ ಪಟ್ಟಣ. 22 ಮೈಲಿಯ ಹಾದಿಯಲ್ಲಿ ಸುಮಾರು 6 ಮೈಲಿ ಊರಿನ ನಡುವೆಯೇ ಹಾದುಹೋಯಿತು. ಆಸ್ಪತ್ರೆ, ದೊಡ್ಡ ಮಳಿಗೆಗಳು, ಶಾಲೆಗಳು, ಸಾವಿರಾರು ಮನೆಗಳು ಆ ಪಟ್ಟಿಯಲ್ಲಿದ್ದವು. ಮಳೆಯ ತೆರೆಯೊಳಗೆ ಅಡಗಿದ್ದರಿಂದ ಸುಂಟರಗಾಳಿಯ ರೂಪ ಹಲವರಿಗೆ ಕಣ್ಣಿಗೆ ಬೀಳಲಿಲ್ಲ. ಎಚ್ಚರಿಕೆ ಸಂಜೆ 5:17ಕ್ಕೇ ಹೊರಟಿತ್ತು, ಅಂದರೆ ಅದು ನೆಲ ಮುಟ್ಟುವ 17 ನಿಮಿಷ ಮೊದಲು. ಸೈರನ್ ಕೂಗಿದ್ದನ್ನು ಕೇಳಿದ ಅನೇಕರು ಕೂಡಲೇ ಆಶ್ರಯ ಹುಡುಕದೆ, ನಿಜವೋ ಅಲ್ಲವೋ ಎಂದು ಇನ್ನೊಂದು ಖಾತರಿಗಾಗಿ ಕಾದರು ಎಂದು ಹವಾಮಾನ ಇಲಾಖೆಯ ಪರಿಶೀಲನೆ ಹೇಳಿತು. ಅಮೆರಿಕದ ರಾಷ್ಟ್ರೀಯ ಮಾನಕ ಹಾಗೂ ತಂತ್ರಜ್ಞಾನ ಸಂಸ್ಥೆ ನಡೆಸಿದ ತನಿಖೆಯ ಪ್ರಕಾರ, ಸತ್ತವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರ ಸಾವಿಗೆ ಕಟ್ಟಡಗಳ ಕುಸಿತ ಮತ್ತು ಹಾನಿ ಕಾರಣ. ಅಲ್ಲಿನ ಬಹುಪಾಲು ಮನೆಗಳಿಗೆ ನೆಲಮಾಳಿಗೆ ಇರಲಿಲ್ಲ.

ಕಡತದಲ್ಲಿ ಇಲ್ಲದ ಈ ಕಾಲಂನ ನೆರಳನ್ನು ಮಾತ್ರ ಸ್ಪ್ರೆಡ್‌ಶೀಟಿನಲ್ಲೇ ಕಾಣಬಹುದು. ಇಡೀ ಕಡತದ ರೇಖಾಂಶವನ್ನು ಅಡ್ಡ ಅಕ್ಷಕ್ಕೂ ಅಕ್ಷಾಂಶವನ್ನು ಲಂಬ ಅಕ್ಷಕ್ಕೂ ಕೊಟ್ಟು, ಬಿಂದುಗಳ ಗಾತ್ರವನ್ನು ಕನಿಷ್ಠಕ್ಕಿಳಿಸಿ ಸ್ಕ್ಯಾಟರ್ ಹಾಕಿದರೆ, ಯಾವ ನಕಾಶೆಯ ಸಹಾಯವೂ ಇಲ್ಲದೆ ಅಮೆರಿಕದ ಪೂರ್ವಾರ್ಧ ಬಿಂದುಗಳಿಂದಲೇ ಮೂಡುತ್ತದೆ. ಪಶ್ಚಿಮ ರೇಖಾಂಶದ ಮೈನಸ್ ಚಿಹ್ನೆಯನ್ನು ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ದೇಶ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ಹತ್ತಿರದಿಂದ ನೋಡಿದರೆ ನಗರಗಳ ಸುತ್ತ, ಹೆದ್ದಾರಿಗಳ ಉದ್ದಕ್ಕೂ ಬಿಂದುಗಳು ಹೆಚ್ಚು ದಟ್ಟವಾಗಿರುವುದು ಕಾಣುತ್ತದೆ. ಗಾಳಿಗೆ ಹೆದ್ದಾರಿ ಗೊತ್ತಿಲ್ಲ. ನೋಡಿ ವರದಿ ಮಾಡುವ ಜನ ಅಲ್ಲಿದ್ದಾರೆ.

ಕೊನೆಯದಾಗಿ ಸಾವಿನ ಸಂಖ್ಯೆಯನ್ನು ಚಾರ್ಟಿನಲ್ಲಿ ಹೇಗೆ ತೋರಿಸಬೇಕು ಎಂಬ ಚರ್ಚೆ ನಡೆಯಿತು. ಸಂಖ್ಯೆಯನ್ನು ವೃತ್ತದ ಗಾತ್ರದಿಂದ ತೋರಿಸುವ ಬಬಲ್ ಚಾರ್ಟ್ ಹಾಕಿದ ಒಬ್ಬರು ಗಾತ್ರದ ಆಯ್ಕೆಯಲ್ಲಿ ವೃತ್ತದ ವಿಸ್ತೀರ್ಣದ ಬದಲು ಅಗಲವನ್ನು ಆರಿಸಿದ್ದರು. ಹಾಗೆ ಮಾಡಿದಾಗ 158 ಮತ್ತು 3ರ ನಡುವಿನ ಸುಮಾರು 53 ಪಟ್ಟಿನ ಅಂತರ ಕಣ್ಣಿಗೆ ಅದರ ವರ್ಗದಷ್ಟು, ಎರಡು ಸಾವಿರದ ಏಳುನೂರು ಪಟ್ಟಿಗೂ ಮೀರಿ, ಹಿಗ್ಗಿ ಕಾಣುತ್ತದೆ. ಅದನ್ನು ಬಿಟ್ಟು ಸಾದಾ ಸ್ತಂಭ ಚಾರ್ಟಿಗೇ ಮರಳಿದೆವು. ಅಕ್ಷ ಸೊನ್ನೆಯಿಂದ 160ರವರೆಗೆ, ಮುದ್ರಣದಲ್ಲಿ ಚಾರ್ಟಿನ ಎತ್ತರ 8 ಸೆಂಟಿಮೀಟರ್. ಆ ಅಳತೆಯಲ್ಲಿ ಫಿಲಡೆಲ್ಫಿಯಾದ ಸ್ತಂಭ ಒಂದೂವರೆ ಮಿಲಿಮೀಟರ್, ಅಕ್ಷದ ಗೆರೆ ಕೊಂಚ ದಪ್ಪವಾದಂತೆ ಮಾತ್ರ ಕಾಣುತ್ತದೆ. ಅಲ್ಲಿ ಸತ್ತ ಮೂವರೂ ಇದ್ದದ್ದು ನೆಲಕ್ಕೆ ಪಟ್ಟಿಗಳಿಂದ ಬಿಗಿದಿದ್ದ ಒಂದೇ ಮೊಬೈಲ್ ಹೋಮ್‌ನಲ್ಲಿ, ಅಂದರೆ ಸಾಗಿಸಿ ತಂದು ನಿಲ್ಲಿಸುವ ಹಗುರ ಮನೆಯಲ್ಲಿ. ಗಾಳಿ ಅದನ್ನು ಎತ್ತಿ ಸುಮಾರು 300 ಗಜ ದೂರದ ಮರಗಳ ಸಾಲಿಗೆ ಎಸೆದಿತ್ತು. ಆ ಸ್ತಂಭದ ತಲೆಯ ಮೇಲೆ ಡೇಟಾ ಲೇಬಲ್ ಹಾಕಿ 3 ಎಂದು ದಪ್ಪಕ್ಷರದಲ್ಲಿ ಬರೆದು, ಹಾಳೆಯನ್ನು ಉಳಿಸಿದೆವು.